ಶೆಡ್ಡಲ್ಲಿ ನಿಂತಿರೋ ಹಳೇ ಫಿಯಟ್ ಮತ್ತೆ ರಸ್ತೆಗೆ ಬರುತ್ತಾ? ಪೇಂಟ್ ಮಾಡಿಸೋ ಮುಂಚೆ ನೋಡಬೇಕಾದ್ದು ಬಹಳ ಇದೆ

ತಿಪಟೂರು: ಹಳೇ ಕೊಬ್ಬರಿ ಮಂಡಿಗಳ ಹಿಂಭಾಗ, ತೋಟದ ಮನೆಯ ಶೆಡ್ಡು, ದೊಡ್ಡ ಮನೆಗಳ ಹಿತ್ತಲು ಇಣುಕಿ ನೋಡಿದ್ರೆ ಟಾರ್ಪಾಲು ಹೊದ್ದು ನಿಂತಿರೋ ಒಂದು ಫಿಯಟ್ಟೋ ಅಂಬಾಸಿಡರ್ರೋ ಇನ್ನೂ ಕಣ್ಣಿಗೆ ಬೀಳುತ್ತೆ. ಆಯುಧಪೂಜೆ ದಿನ ಧೂಳು ಒರೆಸಿ, ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕು ಜನ ಸೇರಿ ತಳ್ಳಿ ಮತ್ತೆ ಒಳಗೆ ಬಿಡ್ತಾರೆ. "ಇದನ್ನ ಒಂದ್ಸಲ ರೆಡಿ ಮಾಡಿಸಬೇಕು ಕಣೋ" ಅಂತ ಮನೆಯಲ್ಲಿ ಯಾರಾದ್ರೂ ಹೇಳ್ತಾರೆ. ಅಲ್ಲಿಗೆ ಆ ವರ್ಷದ ಮಾತು ಮುಗೀತು. ಹೀಗೇ ಹತ್ತು ವರ್ಷ ಕಳೆದ ಮೇಲೆ ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ಹೊತ್ಕೊಂಡು ಹೋಗ್ತಾನೆ.

ಇಂಥ ಗಾಡಿಯನ್ನ ಮನೆ ಅಂಗಳದಲ್ಲೇ ನಿಧಾನವಾಗಿ ರಿಪೇರಿ ಮಾಡ್ಕೊಳ್ಳೋದು ಒಳ್ಳೇ ಹವ್ಯಾಸ. ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡುವಂಥದ್ದು. ಆದ್ರೆ ಶುರು ಮಾಡಿದವರಲ್ಲಿ ಬಹಳ ಜನ ಅರ್ಧಕ್ಕೆ ನಿಲ್ಲಿಸ್ತಾರೆ. ಎಂಜಿನ್ ಹಾಳಾಗಿ ನಿಲ್ಲೋದು ಕಮ್ಮಿ. ಕೆಲಸದ ಕ್ರಮ ತಲೆಕೆಳಗಾಗಿ ನಿಲ್ಲೋದೇ ಜಾಸ್ತಿ. ಮೊದಲ ದಿನವೇ ಪೇಂಟರ್ ಹತ್ರ ಹೋಗ್ತಾರೆ. ಇಲ್ಲಾಂದ್ರೆ ಉತ್ಸಾಹದಲ್ಲಿ ಇಡೀ ಗಾಡಿ ಬಿಚ್ಚಿ ಗೋಣಿಚೀಲಕ್ಕೆ ತುಂಬ್ತಾರೆ. ಆಮೇಲೆ ಗೊತ್ತಾಗುತ್ತೆ, ಆರ್‌ಸಿ ಇಲ್ಲ, ತಳ ಪೂರ್ತಿ ತೂತು. ಅಷ್ಟೊತ್ತಿಗೆ ದುಡ್ಡು ಖಾಲಿ, ಹೆಂಡತಿ ಮಕ್ಕಳ ಸಹನೆಯೂ ಖಾಲಿ.

ಮೊದಲು ಕಾಗದ, ಆಮೇಲೆ ತಳ, ಬ್ರೇಕು, ಅದಾದ ಮೇಲೆ ಎಂಜಿನ್ನು, ಎಲ್ಲಕ್ಕಿಂತ ಕೊನೆಗೆ ಬಣ್ಣ. ಹಳೇ ಗ್ಯಾರೇಜಿನವರು ಹೇಳೋ ಕ್ರಮ ಇದು.

ನಿಮ್ಮ ಶೆಡ್ಡಲ್ಲಿರೋದು ಯಾವ ಗಾಡಿ

ನಮ್ಮ ಕಡೆ ಎಲ್ಲದಕ್ಕೂ ಫಿಯಟ್ ಅಂತಲೇ ಹೆಸರು. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಇಟಲಿಯ ಫಿಯಟ್‌ನಿಂದ ಲೈಸೆನ್ಸ್ ಪಡೆದು 1964ರಲ್ಲಿ 1100 ಡಿಲೈಟ್ ಅನ್ನೋ ಕಾರು ತಂತು. 1970ರ ದಶಕದ ಮೊದಲಲ್ಲಿ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. 2000ದ ಆಸುಪಾಸಿನ ತನಕ ತಯಾರಾಗ್ತಾನೇ ಇತ್ತು. ಹೆಸರು ಮೂರಾದ್ರೂ ಒಳಗಿರೋದು 1089 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ನಾಲ್ಕು ಗೇರು, ಅದೂ ಸ್ಟೇರಿಂಗ್ ಪಕ್ಕದ ರಾಡಿನಲ್ಲಿ. ಮುಂದೆ ಕಾಯಿಲ್ ಸ್ಪ್ರಿಂಗು, ಹಿಂದೆ ಕಮಾನು ಪಟ್ಟಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕೊನೆಕೊನೆಗೆ ಬಂದ ಎಸ್1 ಮಾಡೆಲಿನಲ್ಲಿ ಗೇರು ಕೆಳಗೆ ಬಂತು. 137ಡಿ ಅನ್ನೋ ಡೀಸೆಲ್ ಮಾಡೆಲ್ ಕೂಡ ಇತ್ತು, ಅದರ ಎಂಜಿನ್ನೇ ಬೇರೆ, ಇಲ್ಲಿ ಹೇಳಿರೋ ಎಂಜಿನ್ ವಿಷಯ ಅದಕ್ಕೆ ಹೊಂದಲ್ಲ.

ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಮಾಡಿದ್ದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅದರ ಮೂಲ. 1950ರ ದಶಕದ ಕೊನೆಯಿಂದ 2014ರ ತನಕ ಬಂತು. ಕೆಲಸದ ಕ್ರಮ ಎರಡಕ್ಕೂ ಒಂದೇ. ಒಂದು ವ್ಯತ್ಯಾಸ ಮಾತ್ರ ಮೊದಲೇ ತಿಳ್ಕೊಂಡಿರಿ: ಫಿಯಟ್‌ನ ಬೋಲ್ಟು ನಟ್ಟು ಮಿಲಿಮೀಟರ್ ಅಳತೆ, ಅಂಬಾಸಿಡರ್‌ದು ಇಂಚಿನ ಅಳತೆ. ಒಂದೇ ಸ್ಪ್ಯಾನರ್ ಸೆಟ್ಟಲ್ಲಿ ಎರಡನ್ನೂ ಬಿಚ್ಚೋಕೆ ಹೋದ್ರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ.

ಈ ಗಾಡಿಗಳು ಮನೆ ರಿಪೇರಿಗೆ ಯಾಕೆ ಒಗ್ಗುತ್ವೆ ಅಂದ್ರೆ ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ಬಾನೆಟ್ ಎತ್ತಿದ್ರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ.

ಆರ್‌ಸಿ ಸಿಗೋವರೆಗೆ ಸ್ಪ್ಯಾನರ್ ಮುಟ್ಟಬೇಡಿ

ಇದನ್ನ ಸ್ವಲ್ಪ ಉದ್ದಕ್ಕೇ ಬರೀಬೇಕು, ಯಾಕಂದ್ರೆ ಹೆಚ್ಚು ದುಡ್ಡು ಕಳ್ಕೊಳ್ಳೋದು ಇಲ್ಲೇ.

ಹಳ್ಳಿ ಕಡೆ ಗಾಡಿ ಇನ್ನೂ ತಾತನ ಹೆಸರಲ್ಲೇ ಇರುತ್ತೆ. ತಾತ ತೀರ್ಕೊಂಡು ಇಪ್ಪತ್ತು ವರ್ಷ ಆಗಿದ್ರೂ ಯಾರೂ ಖಾತೆ ಬದಲಾಯಿಸಿರಲ್ಲ. ಮಾಲೀಕರು ತೀರಿಕೊಂಡಾಗ ಹೆಸರು ವರ್ಗಾವಣೆಗೆ ಆರ್‌ಟಿಒದಲ್ಲಿ ಫಾರಂ 31 ಕೊಡಬೇಕು. ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರರು ಯಾರು ಅನ್ನೋದಕ್ಕೆ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಅಫಿಡವಿಟ್ ಕೇಳ್ತಾರೆ. ಈ ಒಪ್ಪಿಗೆ ರಿಪೇರಿಗೆ ಮುಂಚೆ ತಗೊಳ್ಳಿ. ಗಾಡಿ ತುಕ್ಕು ಹಿಡಿದು ನಿಂತಿರೋವರೆಗೂ ದಾಯಾದಿಗಳು ತಿರುಗಿ ನೋಡಲ್ಲ. ಬಣ್ಣ ಹೊಡೆದು ಬಾಗಿಲಲ್ಲಿ ನಿಲ್ಲಿಸಿದ ದಿನ "ಅದು ನಮ್ಮಪ್ಪನ ಪಾಲಿಗೂ ಬರಬೇಕಲ್ವಾ" ಅನ್ನೋ ಮಾತು ಶುರುವಾಗುತ್ತೆ.

ಬೇರೆಯವರಿಂದ ಕೊಂಡಿದ್ರೆ ಫಾರಂ 29, ಫಾರಂ 30 ಬೇಕು, ಎರಡಕ್ಕೂ ಮಾರಿದವರ ಸಹಿ ಬೇಕು. ಹೊರ ರಾಜ್ಯದ ನಂಬರಾದ್ರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ. ಆರ್‌ಸಿಯಲ್ಲಿ ಯಾವುದೋ ಕಾಲದ ಬ್ಯಾಂಕ್ ಸಾಲ ನಮೂದಾಗಿದ್ರೆ, ಸಾಲ ತೀರಿ ಮೂವತ್ತು ವರ್ಷ ಆಗಿದ್ರೂ ಫಾರಂ 35 ಕೊಟ್ಟು ತೆಗೆಸಲೇಬೇಕು. ಆರ್‌ಸಿ ಕಳೆದಿದ್ರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಫಾರಂ 26ರಲ್ಲಿ ಡೂಪ್ಲಿಕೇಟ್‌ಗೆ ಅರ್ಜಿ. "ಕಾಗದ ಏನೂ ಇಲ್ಲ ಅಣ್ಣ, ಗಾಡಿ ಮಾತ್ರ ಇದೆ, ತಗೊಂಡ್ಹೋಗಿ" ಅಂತ ಯಾರಾದ್ರೂ ಅಗ್ಗಕ್ಕೆ ಕೊಟ್ರೆ ಅದನ್ನ ಸ್ಪೇರ್ ಪಾರ್ಟ್ಸ್ ಲೆಕ್ಕದಲ್ಲಿ ಮಾತ್ರ ತಗೊಳ್ಳಿ, ಓಡಿಸೋ ಆಸೆ ಇಟ್ಕೊಬೇಡಿ.

ಇನ್ನೊಂದು ತೊಡಕು ಹಳೇ ನಂಬರಿನದ್ದು. ಮೋಟಾರು ವಾಹನ ಕಾಯ್ದೆ 1988 ಜಾರಿಗೆ ಬಂದಿದ್ದು 1989ರಲ್ಲಿ. ಕೆಎ ಅನ್ನೋ ನಂಬರು ಅಲ್ಲಿಂದ ಈಚೆಗೆ. ಅದಕ್ಕೂ ಹಿಂದಿನವು ಎಂವೈ, ಎಂಇ, ಸಿಎ ಹೀಗೆ ಶುರುವಾಗೋ ನಂಬರುಗಳು. ಇಂಥ ಗಾಡಿಯ ದಾಖಲೆ ಆರ್‌ಟಿಒದ ಹಳೇ ರಿಜಿಸ್ಟರ್ ಪುಸ್ತಕದಲ್ಲಿರುತ್ತೆ, ಆನ್‌ಲೈನ್‌ನಲ್ಲಿ ಹುಡುಕಿದ್ರೆ ಬರೋದಿಲ್ಲ. ಗಾಬರಿ ಆಗಬೇಡಿ. ಮೂಲ ಆರ್‌ಸಿ ತೋರಿಸಿ, ಹಳೇ ರಿಜಿಸ್ಟರ್ ಜೊತೆ ತಾಳೆ ನೋಡಿಸಿ, ವಾಹನ್ ತಂತ್ರಾಂಶಕ್ಕೆ ಏರಿಸಬೇಕು. ಇದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅಂತಾರೆ. ಆಗ ತುಮಕೂರಿನಲ್ಲಿ ನೋಂದಣಿಯಾಗಿದ್ದ ಗಾಡಿಗೆ ಈಗ ತಿಪಟೂರಿನ ಕೆಎ-44 ಕಚೇರಿಗೆ ಹೋಗಿ ಪ್ರಯೋಜನ ಇಲ್ಲ, ಮೊದಲು ಮೂಲ ಕಚೇರಿಯಲ್ಲೇ ವಿಚಾರಿಸಿ.

ಆರ್‌ಸಿ ಸಿಕ್ಕ ಮೇಲೆ ಗಾಡಿಯ ಚಾಸಿ ನಂಬರ್, ಎಂಜಿನ್ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಳ್ಳಿ. ಆರ್‌ಸಿಯಲ್ಲಿರೋದಕ್ಕೆ ಒಂದೊಂದೇ ಅಂಕಿ ತಾಳೆ ನೋಡಿ. ತುಕ್ಕು ಹಿಡಿದು ನಂಬರ್ ಮಸುಕಾಗಿದ್ರೆ ಲೇತ್ ಶಾಪಿಗೆ ಹೋಗಿ ಹೊಸದಾಗಿ ಹೊಡೆಸಬೇಡಿ. ನಿಮ್ಮ ಉದ್ದೇಶ ಒಳ್ಳೇದೇ ಇರಬಹುದು, ತಪಾಸಣೆ ಮಾಡೋರ ಕಣ್ಣಿಗೆ ಅದು ಕದ್ದ ಗಾಡಿಯ ಲಕ್ಷಣ. ಇರೋ ಸ್ಥಿತಿಯಲ್ಲೇ ಆರ್‌ಟಿಒಗೆ ತೋರಿಸಿ ಅವರ ಸೂಚನೆ ಪಡೀರಿ.

15 ವರ್ಷ ಆದ ಗಾಡಿ ಓಡಿಸೋ ಹಾಗಿಲ್ವಾ?

ಅಂಗಡಿ ಕಟ್ಟೆಗಳಲ್ಲಿ ಕೂತು ಕೇಳಿದ್ರೆ ಹತ್ತರಲ್ಲಿ ಎಂಟು ಜನ "ಓಡಿಸೋ ಹಾಗಿಲ್ಲ" ಅಂತಾರೆ. ತಪ್ಪು. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ಮಿತಿ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯಕ್ಕೆ ಬಂದದ್ದು. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ್ದಕ್ಕೆ ನವೀಕರಣ ನಿಲ್ಲಿಸಿದ್ದು ಸರ್ಕಾರಿ ವಾಹನಗಳಿಗೆ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿನ ಆರ್‌ಸಿಯನ್ನ 15 ವರ್ಷದ ನಂತರ ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸ್ಕೊಂಡು ಓಡಿಸಬಹುದು. ಅದಕ್ಕೆ ಫಾರಂ 25. ಗಾಡಿ ತಪಾಸಣೆ ಆಗಬೇಕು, ಹಸಿರು ತೆರಿಗೆ ಕಟ್ಟಬೇಕು.

ಹಾಗಂತ ಅಗ್ಗ ಏನಲ್ಲ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣಕ್ಕೆ 5,000 ರೂಪಾಯಿ ಮಾಡಿದ್ರು. 2025ರ ಆಗಸ್ಟ್‌ನಲ್ಲಿ ತಿದ್ದುಪಡಿ ತಂದು 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ದಾರೆ. ಅವಧಿ ಮೀರಿದ್ರೆ ತಡವಾದ ತಿಂಗಳ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತೆ. ಎಷ್ಟೋ ವರ್ಷ ನವೀಕರಣ ಆಗದ ಗಾಡಿಗೆ ಇದು ದೊಡ್ಡ ಮೊತ್ತ ಆಗಬಹುದು. ಅದಕ್ಕೇ ಒಂದು ಬೋಲ್ಟ್ ಬಿಚ್ಚೋ ಮುಂಚೆ ಆರ್‌ಟಿಒ ಕೌಂಟರಿನಲ್ಲಿ ಪೂರ್ತಿ ಬಾಕಿ ಲೆಕ್ಕ ಹಾಕಿಸಿ, ಚೀಟಿಯಲ್ಲಿ ಬರ್ಸ್ಕೊಂಡು ಬನ್ನಿ.

ವಿಂಟೇಜ್ ನಂಬರ್ ತಗೋಬೇಕಾ

ಬ್ರಿಟನ್ನಿನ ಹಳೇ ಕಾರು ಪ್ರಿಯರ ಲೆಕ್ಕದಲ್ಲಿ ವಿಂಟೇಜ್ ಅಂದ್ರೆ 1919ರಿಂದ 1930ರ ಒಳಗಿನ ಗಾಡಿ. ನಮ್ಮ ಕಾನೂನಿನ ಲೆಕ್ಕ ಬೇರೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸ್ಕೊಂಡಿರೋ ದ್ವಿಚಕ್ರ, ನಾಲ್ಕು ಚಕ್ರದ ವಾಹನ ವಿಂಟೇಜ್. ಅಂದ್ರೆ 1975ರಲ್ಲಿ ನೋಂದಣಿಯಾದ ಪದ್ಮಿನಿಗೆ 2025ಕ್ಕೆ ಈ ಅರ್ಹತೆ ಬಂತು. ಅರ್ಜಿ ಫಾರಂ 20ರಲ್ಲಿ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರ ಆದ ಮೇಲೆ ವಿಎ ಅಂತ ಬರುತ್ತೆ. ಮೊದಲೇ ನೋಂದಣಿ ಇರೋ ಗಾಡಿ ತನ್ನ ಹಳೇ ನಂಬರನ್ನೇ ಉಳಿಸ್ಕೋಬಹುದು.

ಕೇಳೋಕೆ ಚೆನ್ನಾಗಿದೆ, ಆದ್ರೆ ಷರತ್ತು ನೋಡಿ. ವಿಂಟೇಜ್ ಅಂತ ನೋಂದಣಿಯಾದ ಗಾಡಿಯನ್ನ ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ತರಬಹುದು. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಟ್ಟು ಖರ್ಚು ಹುಟ್ಟಿಸ್ಕೊಳ್ಳೋಣ ಅನ್ನೋ ಲೆಕ್ಕಾಚಾರ ಇದ್ದವರಿಗೆ ಇದು ಆಗಿಬರಲ್ಲ. ಭಾನುವಾರ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಅರಸೀಕೆರೆ ತನಕ ಹೋಗಿ ಬರಬೇಕು ಅನ್ನೋರಿಗೆ ನನ್ನ ಪ್ರಕಾರ ಮಾಮೂಲಿ ನವೀಕರಣವೇ ಸರಿ. ಹತ್ತು ವರ್ಷಕ್ಕೆ ಎರಡು ಸಲ ನವೀಕರಣ ಅಂದ್ರೂ ಶುಲ್ಕ 20,000 ಅಷ್ಟೇ.

ಎರಡರಲ್ಲಿ ಯಾವುದೇ ಆಗಲಿ, ಎಂಜಿನ್ ಬದಲಾಯಿಸೋಕೆ ಹೋಗಬೇಡಿ. "ಫಿಯಟ್ ಎಂಜಿನ್ ಯಾಕ್ ಸಾರ್, ಮಾರುತಿ ಎಂಜಿನ್ ಕೂರಿಸಿಬಿಡೋಣ" ಅನ್ನೋ ಸಲಹೆ ಗ್ಯಾರೇಜಿನಲ್ಲಿ ಬಂದೇ ಬರುತ್ತೆ. ಅನುಮತಿ ಇಲ್ಲದೆ ಎಂಜಿನ್ ಬದಲಾಯಿಸಿದ್ರೆ ಆರ್‌ಸಿಗೂ ಗಾಡಿಗೂ ತಾಳೆ ಬರಲ್ಲ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾದ ಗಾಡಿ ವಿಂಟೇಜ್ ಅರ್ಹತೆಯನ್ನೂ ಕಳ್ಕೊಳ್ಳುತ್ತೆ. ಐವತ್ತು ವರ್ಷ ಉಳಿದಿದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತೆ.

ಇನ್ನು ತಳ

ಫಿಯಟ್‌ಗೆ ಲಾರಿ, ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಂಬಾಸಿಡರ್ ಕೂಡ ಹಾಗೇ. ಹಾಗಾಗಿ ತಳದ ತಗಡು ತಿಂದು ಹೋಗಿದ್ರೆ ಗಾಡಿಯ ಬೆನ್ನುಮೂಳೆಯೇ ಹೋದಂತೆ. ಕಾರ್ಪೆಟ್ ಕಿತ್ತು ಹಾಕಿ. ಮುಂದಿನ ಸೀಟಿನ ಕಾಲಿಡೋ ಜಾಗ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡೋ ಗುಂಡಿ, ಬ್ಯಾಟರಿ ತಟ್ಟೆಯ ಅಡಿ, ಹಿಂದಿನ ಕಮಾನು ಪಟ್ಟಿ ಬಾಡಿಗೆ ಸೇರೋ ಜಾಗ, ಇಷ್ಟನ್ನ ಹಳೇ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಟಣ್ ಅಂದ್ರೆ ಸರಿ. ಮೆತ್ತಗೆ ಒಳಗೆ ಹೋದ್ರೆ ಅಲ್ಲಿ ತಗಡು ಇಲ್ಲ, ಪೇಂಟು ಮತ್ತು ಪುಟ್ಟಿ ಮಾತ್ರ ಇದೆ. ಮ್ಯಾಗ್ನೆಟ್ ಇದ್ರೆ ಇನ್ನೂ ಸುಲಭ, ಪುಟ್ಟಿ ಇದ್ದ ಕಡೆ ಅದು ಅಂಟಲ್ಲ.

ನಾಲ್ಕಾರು ಕಡೆ ಅಂಗೈಯಗಲ ತೂತಿದ್ರೆ ಟಿಂಕರಿಂಗ್‌ನವರು ಕತ್ತರಿಸಿ ಹೊಸ ತಗಡು ಕೂರಿಸ್ತಾರೆ. ಹಳೇ ತುಕ್ಕಿನ ಮೇಲೇ ತೇಪೆ ಹಾಕೋಕೆ ಬಿಡಬೇಡಿ, ತುಕ್ಕು ಒಳಗಿಂದ ಮತ್ತೆ ಬರುತ್ತೆ. ಕಮಾನು ಪಟ್ಟಿಯ ಜಾಗ, ಮುಂದಿನ ಸಸ್ಪೆನ್ಷನ್ ಕೂರೋ ಜಾಗವೇ ಪುಡಿಯಾಗಿದ್ರೆ ಮನೆಯಲ್ಲಿ ಮಾಡೋ ಕೆಲಸ ಅಲ್ಲ ಅದು. ಅಂಥ ಗಾಡಿಯನ್ನ ಬಿಟ್ಟು ಬೇರೆ ಹುಡುಕೋದೇ ಲೇಸು.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿ. ಡಿಕ್ಕಿ ಕಡೆ ಕೆಲಸ ಇದ್ರೆ ಪೆಟ್ರೋಲ್ ಟ್ಯಾಂಕನ್ನ ಪೂರ್ತಿ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ, ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯೋದು.

ಜಾಕ್ ನಂಬಿ ಕೆಳಗೆ ಮಲಗಬೇಡಿ

ಈ ಗಾಡಿ ಸುಮಾರು 900 ಕೆಜಿ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋಕಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನ ಸ್ಟ್ಯಾಂಡ್ ಮೇಲೆ ಇಳಿಸಿ, ಕೈಯಿಂದ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋಗಿ. ಸಿಮೆಂಟ್ ಬ್ಲಾಕ್, ಇಟ್ಟಿಗೆ ಬೇಡವೇ ಬೇಡ, ಅವು ಹೇಳದೆ ಕೇಳದೆ ಪುಡಿಯಾಗ್ತವೆ. ಮಣ್ಣಿನ ಅಂಗಳ ಆದ್ರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಇಡಿ. ಒಬ್ಬರೇ ಇದ್ದಾಗ ಗಾಡಿ ಕೆಳಗಿನ ಕೆಲಸ ಇಟ್ಕೊಬೇಡಿ.

ಎಂಜಿನ್ನಿಗಿಂತ ಮುಂಚೆ ಬ್ರೇಕು

ಎಲ್ಲರಿಗೂ ಎಂಜಿನ್ ಸದ್ದು ಕೇಳೋ ಆತುರ. ಎಂಜಿನ್ ಸ್ಟಾರ್ಟ್ ಆದ ದಿನವೇ ಹುಡುಗರು ಒಂದು ರೌಂಡ್ ಹೊಡೀತಾರೆ, ಬ್ರೇಕ್ ಇಲ್ಲದ ಗಾಡಿಯಲ್ಲಿ. ಅದಕ್ಕೇ ಬ್ರೇಕ್ ಮೊದಲು.

ಹಳೇ ಫಿಯಟ್‌ನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಲೈನು. ಒಂದು ಕಡೆ ಸೋರಿದ್ರೆ ನಾಲ್ಕೂ ಹೋಯ್ತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕ್ ಆಯಿಲ್ ನೀರು ಹೀರಿರುತ್ತೆ, ವೀಲ್ ಸಿಲಿಂಡರ್ ಒಳಗೆ ತುಕ್ಕು ಕೂತಿರುತ್ತೆ, ರಬ್ಬರ್ ಕಪ್ಪುಗಳು ಗಟ್ಟಿಯಾಗಿರ್ತವೆ. ಮಾಸ್ಟರ್ ಸಿಲಿಂಡರ್ ಕಿಟ್, ವೀಲ್ ಸಿಲಿಂಡರ್ ಕಿಟ್, ಮೂರೂ ಚಿಲ್ಲರೆ ರಬ್ಬರ್ ಹೋಸು, ಇವನ್ನ ನೋಡೋಕೆ ಚೆನ್ನಾಗಿದ್ರೂ ಬದಲಾಯಿಸಿ. ಹೋಸು ಹೊರಗೆ ನುಣ್ಣಗಿದ್ದು ಒಳಗೆ ಊದಿ ಮುಚ್ಚಿಕೊಂಡಿರುತ್ತೆ. ಆಗ ಪೆಡಲ್ ಬಿಟ್ಟ ಮೇಲೂ ಚಕ್ರ ಹಿಡ್ಕೊಂಡೇ ಇರುತ್ತೆ. ಸಿಲಿಂಡರ್ ಒಳಗೋಡೆಯಲ್ಲಿ ಗುಳಿ ಬಿದ್ದಿದ್ರೆ ಒಳ್ಳೇ ಲೇತ್ ಕೆಲಸದವರು ಸ್ಲೀವ್ ಹಾಕಿ ಕೊಡ್ತಾರೆ.

ಡ್ರಮ್ ಒಳಗಿನ ಧೂಳನ್ನ ಬಾಯಲ್ಲಿ ಊದಬೇಡಿ, ಏರ್ ಹೊಡೆಸಬೇಡಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನ ಕವರಿಗೆ ಕಟ್ಟಿ ಎಸೀರಿ. ಬ್ರೇಕ್ ಆಯಿಲ್ ಮಾತ್ರ ಹಾಕಿ, ಎಂಜಿನ್ ಆಯಿಲ್ ಒಂದು ಹನಿ ಬಿದ್ರೂ ರಬ್ಬರೆಲ್ಲ ಊದಿ ಹಾಳಾಗುತ್ತೆ.

ಟೈರ್ ನೋಡಿ ಮೋಸ ಹೋಗಬೇಡಿ. ಗುಂಡಿ ಹಲ್ಲು ಎಲ್ಲ ಹೊಸದರ ಹಾಗೇ ಇರುತ್ತೆ, ರಬ್ಬರ್ ಸತ್ತಿರುತ್ತೆ. ಟೈರಿನ ಪಕ್ಕದಲ್ಲಿರೋ ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 0812 ಅಂದ್ರೆ 2012ರ ಎಂಟನೇ ವಾರ. ಫಿಯಟ್‌ನ ಮೂಲ ಸೈಜು 5.20-14.

ಎಂಜಿನ್: ಸೆಲ್ಫ್ ಹೊಡೆಯೋ ಮುಂಚೆ

ಬ್ಯಾಟರಿ ಹಾಕಿ ನೇರ ಸೆಲ್ಫ್ ಹೊಡೆದ್ರೆ ಪಿಸ್ಟನ್ ರಿಂಗು ಮುರೀಬಹುದು. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ತೂತಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮಾರನೇ ದಿನ ಕೈಯಲ್ಲೇ ತಿರುಗಿಸಿ ನೋಡಿ, ಇಲ್ಲಾಂದ್ರೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನ ಮೆಲ್ಲಗೆ ತಳ್ಳಿ. ತಿರುಗದಿದ್ರೆ ಬಲ ಹಾಕಬೇಡಿ, ಆಯಿಲ್ ಬಿಟ್ಟು ಇನ್ನೆರಡು ದಿನ ಕಾಯಿರಿ. ನಾಲ್ಕಾರು ಸಲ ಹೀಗೆ ಮಾಡಿದ್ರೂ ಜಗ್ಗದಿದ್ರೆ ಹೆಡ್ ಇಳಿಸಲೇಬೇಕು.

ತಿರುಗಿತು ಅಂದ್ರೆ ಅರ್ಧ ಗೆದ್ದಂತೆ. ಹಳೇ ಆಯಿಲ್ ತೆಗೆದು ಹೊಸ ಆಯಿಲ್, ಹೊಸ ಫಿಲ್ಟರ್. ತೆಗೆದ ಆಯಿಲನ್ನ ಚರಂಡಿಗೋ ತೆಂಗಿನ ಬುಡಕ್ಕೋ ಸುರೀಬೇಡಿ, ಬಾವಿ ನೀರು ಕೆಡುತ್ತೆ. ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟ್ ಉಜ್ಜಿ, ಗ್ಯಾಪ್ ಸರಿ ಮಾಡಿ, ಕಂಡೆನ್ಸರ್ ಹೊಸದು ಹಾಕಿ. ಪ್ಲಗ್ ವೈರ್ ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೊ ತಗೊಳ್ಳಿ. ಬೆಂಕಿ ಹತ್ತೋ ಕ್ರಮ 1-3-4-2, ಅದು ತಪ್ಪಿದ್ರೆ ಗಾಡಿ ಕಾರ್ಬೊರೇಟರಿಂದಲೇ ಪಟಾಕಿ ಹೊಡೆಯುತ್ತೆ. ಕಾರ್ಬೊರೇಟರ್ ಜೆಟ್‌ಗಳನ್ನ ತಂತಿ ಹಾಕಿ ಕೆದಕಬೇಡಿ, ತೂತು ದೊಡ್ಡದಾದ್ರೆ ಪೆಟ್ರೋಲ್ ಕುಡಿಯೋದು ನಿಲ್ಲಲ್ಲ. ನೆನೆಸಿ, ಗಾಳಿ ಹೊಡೆಸಿ ಸಾಕು.

ನಮ್ಮ ಕಡೆ ಫಿಯಟ್ ಎಂಜಿನ್ ಕೆಡಿಸೋದು ಹೆಚ್ಚಾಗಿ ಬೋರ್‌ವೆಲ್ ನೀರು. ಇದರ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಗಡಸು ನೀರು ಹಾಕ್ತಾ ಹೋದ್ರೆ ನಮ್ಮ ಮನೆ ಸ್ನಾನದ ಹಂಡೆಯಲ್ಲಿ ಕಟ್ಟೋ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತೆ. ಗಾಡಿ ಕಾದು ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ, ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತೆ. ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಿ, ಇನ್ನು ಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯೋ ಚಾಳಿ ಬಿಡಿ.

ವೈರಿಂಗ್ ಬಗ್ಗೆ ಒಂದೇ ಮಾತು. ತೆಂಗಿನಕಾಯಿ ಶೆಡ್ಡಲ್ಲಿ ನಿಂತ ಗಾಡಿಯ ವೈರನ್ನ ಇಲಿ ತಿಂದೇ ಇರುತ್ತೆ. ಟೇಪ್ ಸುತ್ತಿ ಮುಂದುವರಿಸಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತೋದು ಇಂಥ ಕಡೆಯೇ. ಎಲೆಕ್ಟ್ರೀಷಿಯನ್ ಹತ್ರ ಹೊಸ ವೈರಿಂಗ್ ಕಟ್ಟಿಸಿ, ಫ್ಯೂಸ್ ಹಾಕಿಸಿ.

ಇ20 ಪೆಟ್ರೋಲ್ ತಂದಿರೋ ಹೊಸ ತಲೆನೋವು

ಈಗ ಬಂಕ್‌ಗಳಲ್ಲಿ ಸಿಗೋದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ಫಿಯಟ್, ಅಂಬಾಸಿಡರ್ ತಯಾರಾದಾಗ ಇದರ ಯೋಚನೆಯೇ ಇರಲಿಲ್ಲ. ಎಥನಾಲ್ ಹಳೇ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬೊರೇಟರ್ ಗ್ಯಾಸ್ಕೆಟ್‌ಗಳನ್ನ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತೆ. ಗಾಳಿಯಲ್ಲಿರೋ ತೇವ ಹೀರೋ ಗುಣ ಬೇರೆ ಇದೆ. ತಿಂಗಳಿಗೊಮ್ಮೆ ಓಡೋ ಗಾಡಿಯ ಟ್ಯಾಂಕಿನಲ್ಲಿ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸುತ್ತೆ. ಬಿಸಿ ಎಂಜಿನ್ ಮೇಲೆ ಬಿರುಕು ಬಿಟ್ಟ ಪೈಪಿಂದ ಪೆಟ್ರೋಲ್ ತೊಟ್ಟಿಕ್ಕಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಟ್ಯಾಂಕಿಂದ ಕಾರ್ಬೊರೇಟರ್ ತನಕ ಎಲ್ಲ ರಬ್ಬರ್ ಪೈಪನ್ನೂ ಎಥನಾಲ್ ತಡೆಯೋ ಹೊಸ ಪೈಪಿಗೆ ಬದಲಾಯಿಸಿ, ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ. ಮಾಮೂಲಿ ನೀರಿನ ಪೈಪನ್ನ ಕತ್ತರಿಸಿ ಕೊಡೋರೂ ಇದ್ದಾರೆ. ಎರಡು ಮೂರು ತಿಂಗಳು ಗಾಡಿ ನಿಲ್ಲೋದಾದ್ರೆ ಪೆಟ್ರೋಲ್ ಖಾಲಿ ಮಾಡಿ. ಡಿಕ್ಕಿಯಲ್ಲೊಂದು ಸಣ್ಣ ಫೈರ್ ಎಕ್ಸ್‌ಟಿಂಗ್ವಿಶರ್ ಇರಲಿ.

ಸಾಮಾನು, ಕೆಲಸದವರು

ಫಿಯಟ್ ಬಿಡಿಭಾಗಕ್ಕೆ ದೊಡ್ಡ ಆಧಾರ ಮುಂಬೈ ಟ್ಯಾಕ್ಸಿಗಳಾಗಿದ್ವು. ಸಾವಿರಾರು ಕಪ್ಪು-ಹಳದಿ ಪದ್ಮಿನಿಗಳು ಓಡ್ತಿದ್ದಾಗ ಪ್ರತಿ ಸಾಮಾನೂ ಸಿಗ್ತಿತ್ತು. ಅಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರಲ್ಲಿ, 20 ವರ್ಷದ ಮಿತಿ ಮುಗಿದು ರಸ್ತೆಯಿಂದ ಹೋಗಿದ್ದು 2023ರ ಅಕ್ಟೋಬರ್ 30ಕ್ಕೆ. ಹಾಗಾಗಿ ಸಿಕ್ಕಾಗ ಒಂದು ಜೊತೆ ಹೆಚ್ಚಿಗೆ ತಗೊಂಡಿಡೋದು ಜಾಣತನ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬ್ರೇಕ್ ಕಿಟ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಥರದ್ದು, ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಬಂಪರ್, ಹಿಡಿಕೆ, ದೀಪದ ಬಳೆ ಥರದ್ದು ಹುಡುಕಬೇಕು. ಹಳೇ ಸಾಮಾನು ಎಷ್ಟೇ ಕೆಟ್ಟಿರಲಿ, ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಳ್ಳಿ.

ಉಳಿದ ಕೆಲಸ ಊರಲ್ಲೇ ಆಗುತ್ತೆ. ಲೇತ್, ರೇಡಿಯೇಟರ್, ಟಿಂಕರಿಂಗ್, ರೆಕ್ಸಿನ್ ಅಂಗಡಿ ತಾಲ್ಲೂಕು ಕೇಂದ್ರದಲ್ಲಿ ಇದ್ದೇ ಇವೆ. ಹಳೇ ಕಾರುಗಳ ಸೀಟಲ್ಲಿ ತುಂಬ್ತಿದ್ದದ್ದು ಬಹಳ ಕಡೆ ತೆಂಗಿನ ನಾರು. ನಮ್ಮೂರಲ್ಲಿ ಅದಕ್ಕೇನು ಬರ? ನಿಜವಾದ ಬರ ಪಾಯಿಂಟ್ ಸೆಟ್ ಮಾಡೋಕೆ ಬರೋ ಕೈಗಳದ್ದು. ಕಾರ್ಬೊರೇಟರ್ ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗಳಿಗೆಲ್ಲ ವಯಸ್ಸಾಗ್ತಿದೆ, ಹೊಸ ಹುಡುಗರು ಸ್ಕ್ಯಾನರ್ ಹಿಡಿದು ಕಲಿತವರು. ನಿಮ್ಮ ಬೀದಿಯಲ್ಲಿ ಅಂಥ ಹಿರಿಯರಿದ್ರೆ ಪಕ್ಕದಲ್ಲಿ ಕೂತು ಕಲಿತ್ಕೊಳ್ಳಿ, ವಿಡಿಯೊ ಮಾಡಿಟ್ಕೊಳ್ಳಿ, ಮಾಡಿದ್ದಕ್ಕೆ ಸರಿಯಾದ ಕೂಲಿನೂ ಕೊಡಿ.

ಪೂರ್ತಿಯಾದ ಗಾಡಿ ಹೇಗಿರಬೇಕು ಅಂತ ಕಣ್ಣಾರೆ ನೋಡಬೇಕು ಅನ್ನೋರು ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನ ನೋಡಿ. ಮೈಸೂರು-ಬೆಂಗಳೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಇರೋ ಪಯಣ ಮ್ಯೂಸಿಯಂನಲ್ಲೂ ಹಳೇ ಕಾರುಗಳ ದೊಡ್ಡ ಸಂಗ್ರಹ ಇದೆ. ಬಂಪರ್, ದೀಪ, ಗ್ರಿಲ್ ಹೇಗೆ ಕೂತಿವೆ ಅನ್ನೋದನ್ನ ಗಮನಿಸಿ.

ಕೊನೆಗೆ ಬಣ್ಣ

ಗಾಡಿ ಎರಡು ಮೂರು ತಿಂಗಳು ಓಡಿ, ಸೋರೋದೆಲ್ಲ ಸೋರಿ, ಅದನ್ನೆಲ್ಲ ಸರಿಮಾಡಿದ ಮೇಲೆ ಬಣ್ಣ. ಬ್ರೇಕ್ ಆಯಿಲ್ ಒಂದು ಹನಿ ಬಿದ್ರೆ ಹೊಸ ಪೇಂಟ್ ಗುಳ್ಳೆ ಎದ್ದು ಕಿತ್ತು ಬರುತ್ತೆ, ಅದಕ್ಕೇ ಈ ಕ್ರಮ. ಹಳೇ ಪೇಂಟ್ ಉಜ್ಜೋದು, ಪ್ರೈಮರ್ ಹಚ್ಚೋದು ಮನೆಯಲ್ಲಿ ಮಾಡ್ಕೋಬಹುದು, ಮಾಸ್ಕ್ ಹಾಕ್ಕೊಂಡು. ಫೈನಲ್ ಪಿಯು ಪೇಂಟನ್ನ ಮಾತ್ರ ಬೂತ್ ಇರೋ ಕಡೆ ಕೊಡಿ. ಅದರ ಹಾರ್ಡ್‌ನರ್ ಹೊಗೆ ಆಸ್ತಮಾ ತರುವಂಥದ್ದು, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ರೆ ಅಂಗಳದಲ್ಲಿ ಸ್ಪ್ರೇ ಮಾಡೋ ಮಾತೇ ಬೇಡ. ಆರ್‌ಸಿಯಲ್ಲಿ ಬರೆದಿರೋ ಬಣ್ಣವನ್ನೇ ಹೊಡೆಸಿ. ಬೇರೆ ಬಣ್ಣ ಬೇಕಂದ್ರೆ ಮೊದಲು ಆರ್‌ಟಿಒದಲ್ಲಿ ಬದಲಾವಣೆ ನಮೂದು ಮಾಡಿಸಿ.

ಥರ್ಡ್ ಪಾರ್ಟಿ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಚಾಲ್ತಿ ಆರ್‌ಸಿ ಮೂರೂ ಕೈಗೆ ಬರೋವರೆಗೆ ಟೆಸ್ಟ್ ಓಟ ಕಾಂಪೌಂಡ್ ಒಳಗೇ ಇರಲಿ. ಮೊದಲ ಐವತ್ತು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟು, ಬ್ರೇಕ್ ಪೈಪಿನ ಜಾಯಿಂಟು, ರೇಡಿಯೇಟರ್ ನೀರು, ಆಯಿಲ್ ಮಟ್ಟ ಮತ್ತೊಮ್ಮೆ ನೋಡಿ. ರಾತ್ರಿ ಗಾಡಿ ಕೆಳಗೆ ಒಂದು ಹಳೇ ರಟ್ಟು ಹಾಸಿಡಿ, ಬೆಳಗ್ಗೆ ಅದರ ಮೇಲಿನ ಕಲೆ ನೋಡಿದ್ರೆ ಎಲ್ಲಿ ಸೋರ್ತಿದೆ ಅಂತ ಗೊತ್ತಾಗುತ್ತೆ.